ಬೇರೆಯವರು ಕರಿದ ಮಿರ್ಚಿ

ಹೋದ ತಿಂಗಳು ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಮ್ಮ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯ ಪಕ್ಕ ಕೂತು ಅಂಗನವಾಡಿ ಮಕ್ಕಳ ತೂಕದ ಪಟ್ಟಿ ತಿದ್ದುತ್ತಿದ್ದೆ. ಎಲ್ಲಿಂದಲೋ ಕಾದ ಎಣ್ಣೆಗೆ ಹಸಿಮೆಣಸಿನಕಾಯಿ ಬಿದ್ದ ಘಾಟು ಬಂದು ಮೂಗಿಗೆ ಬಡಿಯಿತು. ಮೊದಲು ಕೆಮ್ಮು, ಆಮೇಲೆ ಕಣ್ಣಲ್ಲಿ ನೀರು, ಅದರ ಹಿಂದೆಯೇ ಕಡಲೆಹಿಟ್ಟಿನೊಳಗಿನ ಅಜಿವಾನದ, ಅಂದರೆ ಓಂಕಾಳಿನ, ಪರಿಮಳ. ಪಕ್ಕದ ಸೀಟಿನ ಹೆಂಗಸು "ಘಾಟು ಹತ್ತೇತೇನ್ರಿ ಅಕ್ಕಾರ?" ಎಂದು ನೀರಿನ ಬಾಟಲಿ ಚಾಚಿದಳು. ಹೌದೆಂದೆ. ಅಳುವುದಕ್ಕೆ ಇಷ್ಟು ಸುಲಭದ ನೆಪ ಸಿಕ್ಕಾಗ ಬಿಡುವುದೇಕೆ? ಒಂದು ಕಾಲಕ್ಕೆ ನಿಮಗೂ ಒಂದು ಮನೆ ಇದ್ದು, ಈಗ ಅದು ಇಲ್ಲವಾಗಿದ್ದರೆ, ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಅಂಥ ಮನೆ ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ ಬಂದು ಕೈ ಹಿಡಿದು ಎಳೆಯುತ್ತದೆಂದು ಹೇಳಲಾಗುವುದಿಲ್ಲ.

ಕೊಪ್ಪಳದ ಹಳೆ ಪೇಟೆಯಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಒಗ್ಗರಣಿ-ಮಿರ್ಚಿಯ ಅಂಗಡಿ; ನಮ್ಮಲ್ಲಿ ಒಗ್ಗರಣಿ ಎಂದರೆ ಮಂಡಕ್ಕಿಯ ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಭಜಿ ಇಟ್ಟುಕೊಟ್ಟರೆ ನಮ್ಮ ಕಡೆಯವರಿಗೆ ಮುಂಜಾನೆಯೂ ಆಯಿತು, ಸಂಜೆಯೂ ಆಯಿತು. ಅಂಗಡಿಗೆ ಫಲಕವಿರಲಿಲ್ಲ. ಊರವರು ಸಾವಂತ್ರವ್ವನ ಮಿರ್ಚಿ ಎನ್ನುತ್ತಿದ್ದರು. ಸಾವಂತ್ರವ್ವ ನನ್ನ ಅವ್ವ. ಹೆಸರು ಅವಳದು, ಗಲ್ಲಾದ ಕುರ್ಚಿ ಅಪ್ಪನದು. ಮನೆಗೂ ಅಂಗಡಿಗೂ ನಡುವಿನ ಇಕ್ಕಟ್ಟಿನಲ್ಲಿ ಅವಳ ಜಾಗ: ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಬೆನ್ನಿಗೆ ಡಬ್ಬಿಗಳ ಹಲಗೆ, ಎದುರಿಗೆ ಬೆಂಕಿ. ಒಲೆಯ ಪಕ್ಕದ ಸಂದಿಯನ್ನೂ ಹಿಟ್ಟಿನ ದೊಡ್ಡ ಬೋಗುಣಿ ಮುಚ್ಚಿಬಿಡುತ್ತಿತ್ತು. ಅವಳು ಹೊರಗೆ ಬರಬೇಕೆಂದರೆ ಯಾರಾದರೂ ಬೋಗುಣಿ ಎತ್ತಿ ಆಚೆ ಇಡಬೇಕಿತ್ತು. ನಸುಕಿನಲ್ಲಿ ಒಳಗೆ ಹೋದವಳು ಮಧ್ಯಾಹ್ನ ಮೂರಕ್ಕೆ ಕಡಾಯಿ ಇಳಿಸಿದಾಗ ಹೊರಬರುತ್ತಿದ್ದಳು, ಐದಕ್ಕೆ ಮತ್ತೆ ಒಳಗೆ. ಮಂಗಳವಾರ, ಶುಕ್ರವಾರ ಹುಲಿಗಿಗೆ ಹೊರಟ ಜನ ಅಂಗಡಿ ತುಂಬುತ್ತಿದ್ದರು. ಆ ದಿನಗಳಲ್ಲಿ ಮೂರರ ಬಿಡುವೂ ಇಲ್ಲ. ಹುಲಿಗೆಮ್ಮನ ಕಡೆಗೆ ಹೊರಟ ಎಷ್ಟು ಹೊಟ್ಟೆಗಳನ್ನು ಅವ್ವ ತುಂಬಿಸಿ ಕಳಿಸಿದಳೋ ಲೆಕ್ಕವಿಲ್ಲ, ತಾನು ಮಾತ್ರ ಒಲೆಯ ಮುಂದೆಯೇ ಹಿಟ್ಟು ಮೆತ್ತಿದ ಕೈ ಜೋಡಿಸಿ ಮುಗಿಸುತ್ತಿದ್ದಳು.

ಅಪ್ಪ ಕೆಟ್ಟವನಲ್ಲ. ಒಂದು ದಿನ ಕುಡಿದು ಬಂದವನಲ್ಲ, ಅವಳ ಮೇಲೆ ಕೈ ಎತ್ತಿದವನಲ್ಲ. ಆದರೆ ಬೇರೆ ಊರಿನ ಮಿರ್ಚಿಯ ಬಗ್ಗೆ ಅವನಿಗಿದ್ದ ಕುತೂಹಲದಲ್ಲಿ ಕಾಲುಭಾಗ ಹೆಂಡತಿಯ ಬಗ್ಗೆ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮಂಡಕ್ಕಿ ಚೀಲ ತರಲು ಗಂಗಾವತಿಗೆ, ಮೆಣಸಿನಕಾಯಿ ನೋಡಲು ಕುಷ್ಟಗಿಗೆ, ಯಲಬುರ್ಗಾಕ್ಕೆ ಎಂದು ಏನಾದರೂ ನೆಪ ತೆಗೆದು ಬಸ್ಸು ಹತ್ತುತ್ತಿದ್ದ. ಸಾಲೆಗೆ ಸೂಟಿಯಿದ್ದರೆ ನಾನೂ ಜೊತೆಗೆ. ಹೋದ ಊರಿನಲ್ಲಿ ಹೆಸರಾದ ಅಂಗಡಿಯಲ್ಲಿ ಕೂತು ಇಬ್ಬರೂ ಬಿಸಿಬಿಸಿ ತಿನ್ನುವುದು, ಅವ್ವನಿಗೆಂದು ಒಂದು ಪೊಟ್ಟಣ ಕಟ್ಟಿಸುವುದು, ಮೂರರೊಳಗೆ ಮನೆ ಮುಟ್ಟುವುದು. ಕಡಾಯಿ ಆರುವ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಪಂಚಾಯಿತಿ ಕೂಡುತ್ತಿತ್ತು. ಅಪ್ಪ ನೆಲದ ಮೇಲೆ ಕಾಗದ ಬಿಚ್ಚಿ, ಕುಷ್ಟಗಿಯ ಒಗ್ಗರಣೆಯ ಪಕ್ಕ ನಮ್ಮದನ್ನೂ ಒಂದು ಹಿಡಿ ಇಡುತ್ತಿದ್ದ. ಅವ್ವ ಎರಡನ್ನೂ ಬಾಯಿಗೆ ಹಾಕಿಕೊಂಡು ತೀರ್ಪು ಕೊಡಬೇಕು. ಅವಳು ಹೇಳಿದಂತೆ ಮರುದಿನದಿಂದ ನಮ್ಮ ಹಿಟ್ಟಿಗೆ ಅಜಿವಾನ ಏರುತ್ತಿತ್ತು ಇಲ್ಲವೆ ಸೋಡಾ ಇಳಿಯುತ್ತಿತ್ತು. ಅವಳ ನಾಲಗೆಯ ಮೇಲೆ ಅಪ್ಪನಿಗೆ ದೇವರ ಮೇಲಿನಷ್ಟು ಭಕ್ತಿ. ನಾಲಗೆಯ ಹಿಂದೆ ಒಬ್ಬ ಹೆಂಗಸು ಇದ್ದಾಳೆಂಬುದು ಅಷ್ಟಾಗಿ ನೆನಪಿರುತ್ತಿರಲಿಲ್ಲ.

ಆ ರುಚಿಗಳನ್ನು ಹೇಗೆ ಹೇಳಲಿ! ಕುಷ್ಟಗಿಯದು ಮುಂಗೋಪದ ಒಗ್ಗರಣೆ. ಮೆಣಸಿನಕಾಯಿ ಹೆಚ್ಚುವ ತಾಳ್ಮೆಯಿಲ್ಲದೆ ಬೆಳ್ಳುಳ್ಳಿಯ ಜೊತೆ ಕುಟ್ಟಿ ಹಾಕುತ್ತಿದ್ದರು. ಮೊದಲ ತುತ್ತಿಗೇ ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಮೇಲಿನ ಪುಟಾಣಿ ಹಿಟ್ಟು ಬಂದು ಸಮಾಧಾನ ಮಾಡುತ್ತಿತ್ತು. ಯಲಬುರ್ಗಾದವರು ಮಂಡಕ್ಕಿಯನ್ನು ಪೂರ್ತಿ ನೆನೆಯಗೊಡುತ್ತಿರಲಿಲ್ಲ. ಅರ್ಧ ಗರಿಗರಿ ಇರುವಾಗಲೇ ಹಿಂಡಿ, ಹುರಿದ ಶೇಂಗಾದ ಪುಡಿ ಕೈತುಂಬ ಹಾಕುತ್ತಿದ್ದರು. ಅವರ ಮಿರ್ಚಿಗೆ ಹಿಟ್ಟಿನ ಹೊದಿಕೆ ದಪ್ಪ, ಚಳಿಗೆ ಕಂಬಳಿ ಹೊದ್ದ ಮುದುಕನಂತೆ ಕಾಣುತ್ತಿತ್ತು. ಗಂಗಾವತಿಯದು ಬೇರೆಯೇ ಠೀವಿ. ಕಾಲುವೆಯ ಕಡೆ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಾತಿನವರಿಂದ ಕಲಿತದ್ದೋ ಏನೋ, ಕರಿದ ಮಿರ್ಚಿಯ ಹೊಟ್ಟೆ ಸೀಳಿ ಹಸಿ ಉಳ್ಳಾಗಡ್ಡಿ ತುಂಬಿ ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದರು. ಅಲ್ಲಿನ ಹೊಸ ಅಕ್ಕಿಯ ಮಂಡಕ್ಕಿ ನೀರು ಕಂಡರೆ ಸಾಕು ಮೆತ್ತಗಾಗುತ್ತಿತ್ತು, ಹಿಂಡುವ ಕೈ ಬಲು ಹುಷಾರಾಗಿರಬೇಕು. ನಾನು ಬಾಯಿ ಚಪ್ಪರಿಸಿ ಇದನ್ನೆಲ್ಲ ವರ್ಣಿಸುವಾಗ ಅವ್ವ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. ಅವಳ ಮುಂದಿದ್ದ ಪೊಟ್ಟಣದಲ್ಲಿ ಮಿರ್ಚಿ ತಣ್ಣಗಾಗಿ ಒದ್ದೆ ಬಟ್ಟೆಯಂತೆ ಬಿದ್ದಿರುತ್ತಿತ್ತು.

"ತಣ್ಣಂದು ತಿಂದು ಒಂದೂರು ಹೆಂಗೈತಿ ಅಂತ ಹೆಂಗ ಹೇಳ್ಲಿ?" ಎಂದು ಒಮ್ಮೆ ಅಂದಳು. "ಬ್ಯಾರೇದವ್ರು ಕರದದ್ದು, ಕಡಾಯಿಂದ ತಗದಂಗ, ಕುಂತು ಒಮ್ಮೆ ತಿನಬೇಕು." ದಿನವಿಡೀ ಮಿರ್ಚಿ ಕರಿಯುವವಳಿಗೆ ತಾನು ಕರಿದದ್ದು ಬಾಯಿಗೆ ಸೇರುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಇನ್ನೊಬ್ಬರ ಕಡಾಯಿಯ ಒಂದು ಬಿಸಿ ಮಿರ್ಚಿಯನ್ನೂ ಅವಳು ತಿಂದಿರಲಿಲ್ಲ. ಅಪ್ಪ ನಕ್ಕು, "ನೀ ಎದ್ರ ಅಂಗಡೀನ ಎದ್ದು ಹೋಗತೈತಿ" ಎಂದ. ಹೊಗಳಿಕೆ ಎಂದೇ ಅವನು ಹೇಳಿದ್ದು. ಅವ್ವನೂ ನಕ್ಕಳು, ನಾನೂ ನಕ್ಕೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಅವ್ವ ನನ್ನ ಪಕ್ಕ ಬಂದು ಕೂತಳು. ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕೇಳಿದಳು, "ಒಂದ ದಿನ ನೀ ಕಡಾಯಿ ಮುಂದ ನಿಂದ್ರತಿಯೇನ ಯವ್ವಾ? ನಾ ಗಂಗಾವತಿಗಿ ಹೋಗಿ ಬರತೀನಿ. ಮುಂಜಾನಿ ಹೋಗಿ ಸಂಜಿಗಿ ಬಂದಬಿಡ್ತೀನಿ." ನನಗೆ ಕರಿಯಲು ಬರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೆ ಆ ವರ್ಷ ಗಿರಾಕಿಗಳು "ತಾಯಿ ಕೈ ಮಗಳಿಗಿ ಬಂದೈತೇನ್ರಿ?" ಎಂದು ಚೇಷ್ಟೆ ಮಾಡಲು ಶುರು ಮಾಡಿದ್ದರು. ಅಪ್ಪ ನನ್ನ ಎತ್ತರವನ್ನೂ ಒಲೆಯ ಎತ್ತರವನ್ನೂ ಕಣ್ಣಲ್ಲೇ ಅಳೆಯುತ್ತಿದ್ದ. ನಮ್ಮ ಓಣಿಯ ನನ್ನ ಇಬ್ಬರು ಗೆಳತಿಯರು ಆಗಲೇ ಸಾಲೆ ಬಿಟ್ಟಿದ್ದರು. ಆ ಎರಡು ಗೋಡೆಗಳ ಸಂದಿ ನನ್ನ ಕನಸಿನಲ್ಲೂ ಬಂದು ಉಸಿರು ಕಟ್ಟಿಸುತ್ತಿತ್ತು. ಒಂದು ದಿನಕ್ಕೆ ಒಳಗೆ ಹೋದವಳ ಮುಂದೆ ಬೋಗುಣಿ ಇಟ್ಟುಬಿಟ್ಟರೆ ಮುಗಿಯಿತು, ಎತ್ತುವವರು ಯಾರು? "ನಾ ಒಲ್ಲೆ," ಎಂದೆ. "ಒಂದ ದಿನ ನಿಂತ್ರ ನನ್ನೂ ಅಲ್ಲೇ ನಿಂದ್ರಸ್ತೀರಿ." ಅವ್ವ ಜಡೆಯ ಇನ್ನೊಂದು ಎಳೆ ಮೇಲೆ ಹಾಕಿದಳು. "ಖರೇನ ಐತಿ. ನೀ ನಿಂದ್ರಬ್ಯಾಡ," ಎಂದು ಜಡೆ ಮುಗಿಸಿ, ರಿಬ್ಬನ್ ಕಟ್ಟಿ ಎದ್ದು ಹೋದಳು. ಮತ್ತೆಂದೂ ಕೇಳಲಿಲ್ಲ.

ಆಮೇಲೆಯೂ ಪೊಟ್ಟಣಗಳು ಬರುತ್ತಲೇ ಇದ್ದವು. ಪದ್ಧತಿ ಮಾತ್ರ ಒಂದಿಷ್ಟು ಬದಲಾಯಿತು. ಅವ್ವ ಮೊದಲು ನನಗೆ ತಿನ್ನಿಸಿ, ನಾನು ಅಗಿದು ನುಂಗುವವರೆಗೆ ಕಾದು, ಬಳಿಕ ತಾನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತೀರ್ಪಿನಲ್ಲಿ ಎಂದೂ ಎಡವಲಿಲ್ಲ. ನಾನು ಓದಿದೆ, ನೌಕರಿ ಹಿಡಿದೆ, ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ಊರೂರು ಸುತ್ತುವ ಕಾಲು ಪಡೆದೆ. ಎಲ್ಲಿ ಹೋದರೂ ಅಲ್ಲಿಯ ಒಗ್ಗರಣೆ ತಿಂದು, ರಜೆಗೆ ಬಂದಾಗ ಅವ್ವನ ಮುಂದೆ ವರ್ಣಿಸುತ್ತಿದ್ದೆ. ಅವಳನ್ನು ಕರೆದುಕೊಂಡು ಹೋಗುವುದು ಮುಂದಿನ ಸಲಕ್ಕೆ, ಮುಂದಿನ ಸಲಕ್ಕೆ ಎಂದು ಸರಿಯುತ್ತಲೇ ಹೋಯಿತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅಂಗಡಿ ಇರುವವರೆಗೆ ಅವ್ವ ಏಳಲಾರಳು ಎಂದು ಅಪ್ಪನಂತೆ ನಾನೂ ನಂಬಿದ್ದೆ. ಅಪ್ಪ ತೀರಿಕೊಂಡ. ರಸ್ತೆ ಅಗಲ ಮಾಡುವವರು ಬಂದು ಅಂಗಡಿಯನ್ನೂ ಅರ್ಧ ಮನೆಯನ್ನೂ ಕೆಡವಿದರು. ಕೆಡವುವಾಗ ಅವ್ವ ಎದುರು ಮನೆಯ ಕಟ್ಟೆಯ ಮೇಲೆ ಕೂತು ನೋಡಿದಳು. ಮಸಿ ಹಿಡಿದ ಆ ಎರಡು ಗೋಡೆಗಳು ಬೀಳುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಕಾರು ಗೊತ್ತುಮಾಡಿ ಅವಳನ್ನು ಕೂರಿಸಿಕೊಂಡು ಹೊರಟೆ. ಯಲಬುರ್ಗಾ, ಕುಷ್ಟಗಿ ಎರಡರಲ್ಲೂ ತಿಂದು, ಕೊನೆಗೆ ಗಂಗಾವತಿ. ಅವ್ವ ಮದುವಣಗಿತ್ತಿಯ ಹಾಗೆ ಇಳಕಲ್ ಸೀರೆ ಉಟ್ಟಿದ್ದಳು. ಗಂಗಾವತಿಯ ಕಡೆ ಗದ್ದೆಗಳು ಶುರುವಾದಾಗ, "ಇಷ್ಟು ಹಸರ ಐತೇನ ಇಲ್ಲಿ!" ಎಂದು ಗಾಜು ಇಳಿಸಿ ಕೈ ಹೊರಗೆ ಚಾಚಿದಳು. ಕಾಲುವೆಯ ಪಕ್ಕ ಒಂದು ತಳ್ಳುಗಾಡಿ, ಎರಡು ಬೆಂಚು. ಗಾಡಿಯವನು ಕಡಾಯಿಯಿಂದ ತೆಗೆದು ಪ್ಲೇಟಿಗೆ ಹಾಕಿ ತಂದು ಅವಳ ಕೈಗೇ ಕೊಟ್ಟ. ಮಿರ್ಚಿ ಇನ್ನೂ ಸಣ್ಣಗೆ ಚುಂಯ್ ಎನ್ನುತ್ತಿತ್ತು. ಅವ್ವ ಬೆರಳಿನಿಂದ ಮಂಡಕ್ಕಿ ಒತ್ತಿ ನೋಡಿದಳು, ಮಿರ್ಚಿ ಮುರಿದು ಒಳಗೆ ಹಿಟ್ಟು ಜಾಳಿಜಾಳಿಯಾಗಿ ಉಬ್ಬಿದೆಯೇ ಎಂದು ನೋಡಿದಳು. ನಾನು ಮೊದಲ ತುತ್ತು ತಿಂದೆ. ಎಣ್ಣೆ ಎಷ್ಟು ದಿನದ್ದೋ, ಕಮಟು ವಾಸನೆ ಗಂಟಲಿಗೇ ಬಂತು. ಆದರೆ ಇಷ್ಟು ವರ್ಷಕ್ಕೆ ಬಂದ ಅವಳ ದಿನವನ್ನು ಕೆಡಿಸಬಾರದೆಂದು ಹಲ್ಲು ಕಚ್ಚಿ ನಕ್ಕೆ. ಸಾವಂತ್ರವ್ವ ತಾನೇ ಈಗ ಗಾಡಿಯವನಿಗೆ ಮಂಗಳಾರತಿ ಎತ್ತುತ್ತಾಳೆಂದು ಕಾದೆ. ಅವಳು ನನ್ನ ಮುಖ ನೋಡಿದಳು, ತುತ್ತು ಬಾಯಿಗಿಟ್ಟಳು, ನಿಧಾನಕ್ಕೆ ಅಗಿದಳು. "ಎಲ್ಲಾದ್ರಾಗ ಇದ ಛಲೋ ಐತಿ ನೋಡು," ಎಂದಳು.

"ಯವ್ವಾ, ಎಣ್ಣಿ ಕಮಟ ವಾಸನಿ ಹೊಡ್ಯಾಕತ್ತೇತಿ. ನಿನಗ ಗೊತ್ತಾಗಲಿಲ್ಲೇನು?"

ಅವಳ ದವಡೆ ನಿಂತಿತು. ಕದ್ದು ಸಿಕ್ಕಿಬಿದ್ದ ಮಗುವಿನಂತೆ ನನ್ನನ್ನೇ ನೋಡಿದಳು. "ಮತ್ತ... ನೀ ನಕ್ಕಿ," ಎಂದಳು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನನ್ನ ಪ್ಲೇಟನ್ನು ಬೆಂಚಿನ ಮೇಲಿಟ್ಟೆ. "ಘಾಟು ಮೂಗು ತಿಂದಬಿಡ್ತವ್ವ," ಎಂದು ಅವಳೇ ಹೇಳಿದಳು, ಇನ್ಯಾರದೋ ಸುದ್ದಿ ಹೇಳುವ ದನಿಯಲ್ಲಿ. "ಉಪ್ಪು, ಹುಳಿ, ಖಾರ ಗೊತ್ತಾಗತೈತಿ. ವಾಸನಿ ಇಲ್ಲ. ವಾಸನಿ ಇಲ್ಲಂದ್ರ ಎಲ್ಲಾ ಊರಿಂದೂ ಒಂದ. ನಿಮ್ಮಪ್ಪಗ ಹೆಂಗ ಹೇಳ್ಲಿ? ನನ್ನ ನಾಲಗಿ ಮ್ಯಾಲ ಅಂಗಡಿ ನಿಂತಿತ್ತು. ನಿನ್ನ ಮಾರಿ ನೋಡಿ ಹೇಳತಿದ್ದೆ." ಯಾವಾಗಿನಿಂದ ಎಂದು ಕೇಳಿದೆ. ಕೇಳಬಾರದಿತ್ತು. "ನೀ ಒಂಬತ್ತನೇದ್ರಾಗ ಇದ್ದಿ. ವಾಸನಿ ಹೊಂಟೇತಿ ಅಂತ ಗೊತ್ತಾಗಿತ್ತು. ಪೂರಾ ಹೋಗೂಕಿಂತ ಮೊದಲ ಒಮ್ಮೆ ತಿಂದು ಬರೂಣು ಅಂತ ಮಾಡಿದ್ದೆ." ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವಳು ನನ್ನ ಮೊಣಕಾಲು ತಟ್ಟಿ, "ನೀ ನಿಂದ್ರಲಿಲ್ಲ, ಛಲೋ ಮಾಡಿದಿ," ಎಂದು ಇನ್ನೊಂದು ಮಿರ್ಚಿ ಕೈಗೆತ್ತಿಕೊಂಡಳು. ಅದನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ, ಉಫ್ ಉಫ್ ಎಂದು ಊದಿ, ಕಚ್ಚಿದಳು. "ಬಿಸಿ ಐತಿ," ಎಂದಳು. "ಬಿಸಿ ಗೊತ್ತಾಗತೈತಿ." ಕಾಲುವೆಯ ನೀರನ್ನು ನೋಡುತ್ತ, ಅವಸರವಿಲ್ಲದೆ, ಅವಳು ಆ ಪ್ಲೇಟನ್ನು ಪೂರ್ತಿ ಮುಗಿಸಿದಳು.

ಅವ್ವ ಹೋಗಿ ಈಗ ಎರಡು ವರ್ಷ. ಜೊತೆಯ ನೌಕರರು ನನ್ನನ್ನು ಮಿರ್ಚಿ ಮೇಡಂ ಎಂದು ಕಾಡಿಸುತ್ತಾರೆ, "ಕೊಪ್ಪಳ ಹಿಡದು ನಾಲ್ಕೂ ಊರಾಗ ಯಾವುದು ಛಲೋ, ಹೇಳ್ರಿ ಮತ್ತ" ಎಂದು ಕೇಳುತ್ತಾರೆ. ಕುಷ್ಟಗಿಯಲ್ಲಾಗಲಿ, ಗಂಗಾವತಿಯಲ್ಲಾಗಲಿ, ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತುತ್ತೇನೆ. ಎದುರಿಗೆ ನನ್ನ ಮುಖ ನೋಡುತ್ತ ಕೂತವರು ಯಾರೂ ಇರುವುದಿಲ್ಲ.