ಡೀನಾ ಕಾಡಿಲ್ ಭಾರವಾದ ಬುಧವಾರ

ಬ್ರಿಟಾ ಲಿಂಡ್‌ಗ್ರೆನ್ ಗರಡಿಗೆ ಬಂದ ದಿನ ಡೀನಾ ಕಾಡಿಲ್ ಹಲಗೆ ಹಾಸಿ ಎತ್ತರಿಸಿದ ಕುಸ್ತಿ ಕಣದ ಅಡಿಯಲ್ಲಿ ಅಂಗಾತ ಮಲಗಿ, ಸಡಿಲಾದ ಹಲಗೆಯೊಂದರ ತಿರುಪು ಬಿಗಿಮಾಡುತ್ತಿದ್ದಳು. ಅವಳಿಗೆ ಮೊದಲು ಕಂಡದ್ದು ಒಂದು ಜೊತೆ ಬೂಟು. ಧೂಳಿನ ಚುಕ್ಕೆಯೂ ಇಲ್ಲದ ಬಿಳೀ ಬೂಟು. ಆಮೇಲೆ ಹುಡುಗರೆಲ್ಲ ಒಬ್ಬೊಬ್ಬರಾಗಿ ವ್ಯಾಯಾಮ ನಿಲ್ಲಿಸಿದ್ದು ಕಿವಿಗೆ ಗೊತ್ತಾಯಿತು. ತೂಕದ ಗುಂಡುಗಳ ಸದ್ದು ಅಡಗಿತು, ಹಗ್ಗ ಜಿಗಿಯುವ ಸದ್ದು ಅಡಗಿತು. ತಾನು ಬಂದ ದಿನ ಹೀಗೆ ಯಾರೂ ಏನನ್ನೂ ನಿಲ್ಲಿಸಿರಲಿಲ್ಲ ಎಂಬುದು ಡೀನಾಗೆ ತಿರುಪು ಹಿಡಿದಿದ್ದಾಗಲೇ ನೆನಪಾಯಿತು.

ಗರಡಿ ಅಂದರೆ ಅಮೆರಿಕದ ಲೂಯಿವಿಲ್ ಊರಿನ ಅಂಚಿನಲ್ಲಿ, ಒಂದು ಕಾಲಕ್ಕೆ ತಂಬಾಕು ತುಂಬಿಡುತ್ತಿದ್ದ ಗೋದಾಮು. ಸೋಮವಾರ ಸೋಮವಾರ ಟೀವಿಯಲ್ಲಿ ಬರುವ ದೊಡ್ಡ ಕುಸ್ತಿ ಕಂಪನಿ ತಾನು ಆರಿಸಿಕೊಂಡವರನ್ನು ಮಾಗಲಿಕ್ಕೆ ಇಲ್ಲಿ ಬಿಡುತ್ತಿತ್ತು. ಕೆಲವರನ್ನು ಆರು ತಿಂಗಳಿಗೆ ಮೇಲಕ್ಕೆ ಕರೆಸಿಕೊಳ್ಳುತ್ತಿತ್ತು, ಕೆಲವರನ್ನು ಒಂದು ಫೋನಿನಲ್ಲಿ ಮನೆಗೆ ಕಳಿಸುತ್ತಿತ್ತು. ಬುಧವಾರ ಬುಧವಾರ ನಾನೂರು ಜನರೆದುರು ಇಲ್ಲಿಯೂ ಕುಸ್ತಿ ನಡೆಯುತ್ತಿತ್ತು. ಯಾರು ಗೆಲ್ಲಬೇಕೆಂಬುದನ್ನು ಮಧ್ಯಾಹ್ನವೇ ಹೇಳಿಬಿಡುತ್ತಿದ್ದರು. ಬೀಳುವುದನ್ನು ಮಾತ್ರ ನಿಜವಾಗಿಯೇ ಬೀಳಬೇಕಿತ್ತು.

ಡೀನಾ ಕೆಂಟಕಿಯ ಪೂರ್ವದ ಗುಡ್ಡಗಳವಳು, ಕಲ್ಲಿದ್ದಲ ಗಣಿಯ ಊರು. ಹತ್ತೊಂಬತ್ತನೇ ವಯಸ್ಸಿಗೆ ಕಣಕ್ಕಿಳಿದವಳು ಏಳು ವರ್ಷ ಶಾಲೆಗಳ ಆಟದ ಅಂಗಳದಲ್ಲಿ, ದನದ ಜಾತ್ರೆಗಳಲ್ಲಿ, ಒಂದು ಸಲವಂತೂ ಹಳೇ ಕಾರು ಮಾರುವವನ ಅಂಗಡಿಯ ಮುಂದೆ ಕುಸ್ತಿ ಆಡಿದ್ದಳು. ಭುಜದ ಮೂಳೆ ಮುರಿದು ಕೂಡಿತ್ತು, ಮುಂದಿನ ಹಲ್ಲೊಂದು ಅರ್ಧ ಹೋಗಿತ್ತು. "ಹೊಡೆದಾಡಲೇಬೇಕು ಅಂತಿದ್ರೆ ಮದುವೆ ಆಗಬಹುದಿತ್ತಲ್ಲೇ" ಎಂದು ಅವಳ ತಾಯಿ ಆಗಾಗ ಹೇಳುತ್ತಿದ್ದಳು. ಕಂಪನಿಗೆ ನಾಲ್ಕು ಸಲ ತನ್ನ ಕುಸ್ತಿಯ ಕ್ಯಾಸೆಟ್ ಕಳಿಸಿ, ನಾಲ್ಕನೆಯದಕ್ಕೆ ಉತ್ತರ ಬಂದು, ಅವಳು ಲೂಯಿವಿಲ್‌ಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಮೇಲಿನವರು ಒಮ್ಮೆ ಹಲ್ಲು ಸರಿಮಾಡಿಸಿಕೋ ಎಂದರು, ಮಾಡಿಸಿಕೊಂಡಳು. ಕೂದಲ ಬಣ್ಣ ಬದಲಿಸು ಎಂದರು, ಬದಲಿಸಿದಳು. ಆಮೇಲೆ ಏನೂ ಹೇಳಲಿಲ್ಲ.

ಬ್ರಿಟಾಗೆ ಇಪ್ಪತ್ತೆರಡು. ಮಿನಸೋಟಾದ ಹಾಲಿನ ಡೈರಿಯವರ ಮಗಳು. ಯಾವುದೋ ಅಂಗಸೌಷ್ಠವ ಸ್ಪರ್ಧೆಯಲ್ಲಿ ಗೆದ್ದು ವೇದಿಕೆ ಇಳಿಯುತ್ತಿದ್ದವಳನ್ನು ಕಂಪನಿಯವರು ಅಲ್ಲೇ ನಿಲ್ಲಿಸಿ ಸಹಿ ಹಾಕಿಸಿಕೊಂಡಿದ್ದರು. ಕುಸ್ತಿಯನ್ನು ಟೀವಿಯಲ್ಲೂ ಸರಿಯಾಗಿ ನೋಡಿದವಳಲ್ಲ.

ಗರಡಿಯ ಉಸ್ತಾದ ಹೋಬಾರ್ಟ್ ರಿಗ್ಸ್. ಅರವತ್ತು ದಾಟಿದ, ಎರಡೂ ಕಿವಿ ಮುದುಡಿ ಹೂಕೋಸಿನಂತಾದ ಮನುಷ್ಯ. ಎಲ್ಲರಿಗೂ ಹೋಬ್. ಅವನು ಕಣದ ಅಡಿಗೆ ಬಗ್ಗಿ ನೋಡಿ, "ಡೀನಾ, ಹೊರಗೆ ಬಾ. ಇವಳಿಗೆ ಬೀಳೋದು ಹೇಳಿಕೊಡು" ಎಂದ.

ಡೀನಾ ಹೇಳಿಕೊಟ್ಟಳು. ಗಲ್ಲ ಎದೆಗೆ ಒತ್ತು, ಬೆನ್ನಿನ ಮೇಲ್ಭಾಗ ಮೊದಲು ತಾಗಲಿ, ಎರಡೂ ಕೈ ಹಲಗೆಗೆ ಬಡಿ, ಉಸಿರು ಬಿಡು. ಹೊಸಬರಿಗೆ ಮೊದಲ ದಿನ ಇಪ್ಪತ್ತು ಸಲ ಬೀಳಿಸಿದರೆ ಹೆಚ್ಚು. ಡೀನಾ ಇನ್ನೂರು ಸಲ ಬೀಳಿಸಿದಳು. ನಾಳೆ ಇವಳು ಬರುವುದಿಲ್ಲ ಎಂದುಕೊಂಡೇ ಬೀಳಿಸಿದಳು.

ಬೆಳಗ್ಗೆ ಎಂಟಕ್ಕೆ ಬ್ರಿಟಾ ಬಂದಳು. ಬೆನ್ನೆಲ್ಲ ನೇರಳೆಹಣ್ಣಿನ ಬಣ್ಣ. ಕೈಯಲ್ಲಿ ದೊಡ್ಡ ಗಾಜಿನ ಪಾತ್ರೆ. ಅದರ ತುಂಬ ಮಾಂಸ, ಬೀನ್ಸ್, ಮೇಲೆ ಗರಿಗರಿ ಆಲೂಗಡ್ಡೆ ಹಾಸಿ ಒಲೆಯಲ್ಲಿ ಬೇಯಿಸಿದ ಅವರೂರ ಅಡುಗೆ. ನಿದ್ದೆ ಬರಲಿಲ್ಲ, ಅದಕ್ಕೇ ಮಾಡಿದೆ ಎಂದಳು. ಹುಡುಗರು ನಿಂತಲ್ಲೇ ಮುಗಿಬಿದ್ದರು. ಡೀನಾ ತನ್ನದು ತಿಂಡಿ ಆಗಿದೆಯೆಂದು ಹೇಳಿ ದೂರ ಸರಿದಳು. ಎಲ್ಲರೂ ಕಣಕ್ಕೆ ಹೋದ ಮೇಲೆ ಪಾತ್ರೆಯ ಮೂಲೆಗೆ ಅಂಟಿದ್ದನ್ನು ಬೆರಳಲ್ಲಿ ಕೆರೆದು ತಿಂದಳು. ರುಚಿಯಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಮೇಲಿನ ಐದು ತಿಂಗಳು ಡೀನಾಳ ಹೊಟ್ಟೆ ಉರಿಯಲು ದಿನಕ್ಕೊಂದು ನೆಪ ಸಿಕ್ಕಿತು. ಬಾಗಿಲಿನ ಜಾಹೀರಾತಿನಲ್ಲಿ ಬ್ರಿಟಾಳ ಮುಖ ತಟ್ಟೆಯಗಲ, ಡೀನಾಳದು ಕೆಳಗೆ ಅಂಚೆಚೀಟಿಯಷ್ಟು. ಅಂಗಿ ಮಾರುವ ಮೇಜಿನ ಮೇಲೆ ಬ್ರಿಟಾಳ ಹೆಸರಿನ ಅಂಗಿ, ಡೀನಾಳ ಹೆಸರಿನದು ಇಲ್ಲ. ಬ್ರಿಟಾ ತಪ್ಪು ಕಾಲಿಟ್ಟು ಮುಗ್ಗರಿಸಿದರೆ ಜನ ಪಾಪ ಎಂದು ಚಪ್ಪಾಳೆ ತಟ್ಟುತ್ತಿದ್ದರು, ಡೀನಾ ನಲವತ್ತು ಪಟ್ಟು ಹಾಕಿದರೂ ಪಾಪ್‌ಕಾರ್ನ್ ತರಲು ಏಳುತ್ತಿದ್ದರು. ಇದೆಲ್ಲ ಹೇಗೋ ನುಂಗಬಹುದಿತ್ತು. ಹೋಬ್‌ನದು ನುಂಗಲಾಗಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವಳನ್ನು ಎರಡೇ ಸಲ ಹೊಗಳಿದ್ದ ಮುದುಕ ಬ್ರಿಟಾಳ ಹತ್ತಿರ ನಿಂತು ನಗುತ್ತಿದ್ದ. ಅವನಿಗೆ ನಗಲು ಬರುತ್ತದೆಂದು ಡೀನಾಗೆ ಗೊತ್ತಾದದ್ದೇ ಆಗ.

ಬ್ರಿಟಾ ಸೋಮಾರಿಯಾಗಿದ್ದರೆ, ಜಂಬಗಾತಿಯಾಗಿದ್ದರೆ ಎಷ್ಟು ಹಗುರವಾಗುತ್ತಿತ್ತೋ. ಅವಳು ಎಲ್ಲರಿಗಿಂತ ಮೊದಲು ಬಂದು ನೆಲ ಒರೆಸುತ್ತಿದ್ದಳು. ಡೀನಾ ಹೇಳಿದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. "ಡೀನಾ, ನಿಮ್ಮ ಥರ ಕಾಲು ತಿರುಗಿಸೋದು ನಂಗೆ ಬರ್ತಾನೇ ಇಲ್ಲ, ಇನ್ನೊಂದ್ಸಲ ತೋರಿಸ್ತೀರಾ?" ಎಂದು ಕೇಳುತ್ತಿದ್ದಳು. ಬೈಯಲು ಕಾರಣವೇ ಸಿಗದ ಹುಡುಗಿಯನ್ನು ಸಹಿಸುವುದು ಎಷ್ಟು ಕಷ್ಟ ಎಂಬುದು ಡೀನಾಗೆ ಮಾತ್ರ ಗೊತ್ತು.

ಆಗಸ್ಟ್‌ನಲ್ಲಿ ಮುಖ್ಯ ಕಚೇರಿಯ ಗ್ಯಾರಿಟಿ ಎಂಬಾತ ಬುಧವಾರದ ಕುಸ್ತಿ ನೋಡಲು ಬರುತ್ತಾನೆಂದು ಸುದ್ದಿಯಾಯಿತು. ಯಾರನ್ನು ಮೇಲೆ ಕರೆಸಬೇಕೆಂದು ಹೇಳುವವನು ಅವನೇ. ಮಧ್ಯಾಹ್ನ ಹೋಬ್ ಚೀಟಿ ನೋಡಿ ಹೇಳಿದ: ಡೀನಾ ಮತ್ತು ಬ್ರಿಟಾ, ಎಂಟು ನಿಮಿಷ, ಕೊನೆಗೆ ಬ್ರಿಟಾ ಡೀನಾಳನ್ನು ಹೆಗಲಿಗೆತ್ತಿ ಕೆಡವಿ ಗೆಲ್ಲಬೇಕು.

ಹೆಗಲಿಗೆ ಎತ್ತುವುದೆಂದರೆ ಇಬ್ಬರ ಕೆಲಸ. ಎತ್ತುವವಳು ಅರ್ಧ ಎತ್ತುತ್ತಾಳೆ, ಉಳಿದರ್ಧವನ್ನು ಎತ್ತಿಸಿಕೊಳ್ಳುವವಳು ತಾನೇ ಜಿಗಿದು ಕೊಡುತ್ತಾಳೆ. ಜಿಗಿಯದೆ ಮೈ ಸಡಿಲ ಬಿಟ್ಟರೆ ಅದಕ್ಕೆ ಮರಳಿನ ಮೂಟೆ ಆಗುವುದು ಎನ್ನುತ್ತಾರೆ. ನೋಡುವವರಿಗೆ ಎತ್ತುವವಳ ಕೈಲಾಗದಂತೆ ಕಾಣುತ್ತದೆ. ಆ ಕಸುಬಿನಲ್ಲಿ ಅದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ. ಇಷ್ಟು ವರ್ಷಗಳಲ್ಲಿ, ಕುಡಿದು ಬಂದ ಎದುರಾಳಿಗೂ ಡೀನಾ ಅದನ್ನು ಮಾಡಿದವಳಲ್ಲ.

ಏಳು ನಿಮಿಷ ಅವಳು ಬ್ರಿಟಾಳನ್ನು ಕೈ ಹಿಡಿದು ನಡೆಸಿದಳು. ಕಿವಿಯಲ್ಲಿ ಮುಂದಿನ ಪಟ್ಟು ಹೇಳುತ್ತ, ಅವಳ ಹೊಡೆತಕ್ಕೆಲ್ಲ ಚೆಂದವಾಗಿ ಉರುಳುತ್ತ ಹೋದಳು. ನಡುವೆ ಹಗ್ಗಕ್ಕೆ ಆನಿಕೊಂಡಾಗ ಗ್ಯಾರಿಟಿ ಕಂಡ. ಡೀನಾ ಬೀಳುವಾಗ ಅವನು ಕೈಗಡಿಯಾರ ನೋಡುತ್ತಿದ್ದ. ಬ್ರಿಟಾ ಎದ್ದಾಗ ಮುಂದಕ್ಕೆ ಬಾಗಿ ಕೂತ.

ಬ್ರಿಟಾ ತೋಳು ಹಾಕಿದಳು. ಡೀನಾ ಜಿಗಿಯಲಿಲ್ಲ.

ಬ್ರಿಟಾಳ ಮಂಡಿ ಕುಸಿಯಿತು. "ಡೀನಾ, ಜಿಗೀರಿ" ಎಂದು ಪಿಸುಗುಟ್ಟಿದಳು. ಡೀನಾ ಮೈಯನ್ನು ಇನ್ನಷ್ಟು ಸಡಿಲ ಬಿಟ್ಟಳು. ಗೋದಾಮು ಪೂರ್ತಿ ನಕ್ಕಿತು. ಅಂಗಡಿಗೆ ಹೋಗಿ ಚೀಲ ಎತ್ತಿ ಅಭ್ಯಾಸ ಮಾಡು ಎಂದು ಯಾರೋ ಕೂಗಿದರು. ಆ ನಗೆ ಡೀನಾಳ ಕಿವಿಗೆ, ತಡೆಯಲಾರದ ತುರಿಕೆಯನ್ನು ಕೆರೆದುಕೊಂಡ ಹಾಗೆ, ಹಿತವಾಗಿತ್ತು.

ಬ್ರಿಟಾ ಇನ್ನು ಪಿಸುಗುಟ್ಟಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಹೆಗಲನ್ನು ಡೀನಾಳ ಹೊಟ್ಟೆಗೆ ಕೊಟ್ಟು, ಅರವತ್ತೆಂಟು ಕಿಲೋ ಹೆಣಭಾರವನ್ನು ನಿಜವಾಗಿಯೇ ಎತ್ತಿದಳು. ತೊಡೆ ಗಡಗಡ ನಡುಗುತ್ತಿತ್ತು. ನಗೆ ನಿಂತಿತು. ಆದರೆ ಹಾಗೆ ಎತ್ತಿದ ಭಾರ ನೆಟ್ಟಗೆ ನಿಲ್ಲುವುದಿಲ್ಲ, ಇಬ್ಬರೂ ಓರೆಯಾದರು. ಡೀನಾಳ ತಲೆ ಹಲಗೆಯ ಕಡೆಗೆ ಕೆಳಗಾಗಿ ಹೊರಟಿತ್ತು. ಕೈ ಊರಲು ಸಮಯವಿರಲಿಲ್ಲ. ಅಷ್ಟರಲ್ಲಿ ಬ್ರಿಟಾ ತನ್ನ ಮೈಯನ್ನೇ ತಿರುಚಿ ಅಡಿಗೆ ಹೋದಳು. ಡೀನಾ ಅವಳ ಮೇಲೆ ಬಿದ್ದಳು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಅದು ಬ್ರಿಟಾಳ ಭುಜದ ಎಲುಬಿನ ಸದ್ದೆಂದು ಡೀನಾಗೆ ಹೇಳಬೇಕಾಗಿರಲಿಲ್ಲ.

ಬ್ರಿಟಾ ಒಂದೇ ಕೈಯೂರಿ ಹೊರಳಿ ಡೀನಾಳ ಮೇಲೆ ಮೈ ಹಾಕಿದಳು. ಮುಖ ಸುಣ್ಣದ ಹಾಗೆ ಬಿಳುಪು. "ಏಳ್ಬೇಡ" ಎಂದಳು. ತೀರ್ಪುಗಾರ ಮೂರು ಸಲ ಹಲಗೆ ತಟ್ಟಿದ, ಬ್ರಿಟಾ ಗೆದ್ದಳು. ನಾನೂರು ಜನ ಎದ್ದು ನಿಂತರು.

ಬ್ರಿಟಾಳನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ಗ್ಯಾರಿಟಿ ಹಿಂದಿನ ಕೋಣೆಗೆ ಬಂದ. ಮುಖ ಅರಳಿತ್ತು. ಮೊದಲು ಎತ್ತಲಾರದೆ ನಗೆಪಾಟಲಾಗುವುದು, ಆಮೇಲೆ ಎತ್ತಿಬಿಡುವುದು, ಇದು ಯಾರ ತಲೆಗೆ ಹೊಳೆದದ್ದು ಎಂದು ಕೇಳಿದ. ಹೋಬ್ ಡೀನಾಳನ್ನೇ ನೋಡುತ್ತ, "ಡೀನಾದೇ" ಎಂದ. ಗ್ಯಾರಿಟಿ ಅವಳ ಕೈ ಕುಲುಕಿ ಮೆಚ್ಚಿದ. ಎಲುಬು ಕೂಡಿದ ಕೂಡಲೇ ಬ್ರಿಟಾಳನ್ನು ಮೇಲೆ ಕಳಿಸಿ ಎಂದು ಹೇಳಿ ಹೋದ. ತನ್ನ ಕೈಯಾರೆ ಅವಳಿಗೆ ಮೆಟ್ಟಿಲು ಕಟ್ಟಿಕೊಟ್ಟಿದ್ದೇನೆಂದು ಡೀನಾಗೆ ಅರಿವಾದದ್ದು ಆ ಕೈ ಬಿಟ್ಟ ಮೇಲೆ.

ಮರುದಿನ ಹೋಬ್ ಅವಳನ್ನು ಕಣ ಹತ್ತಲು ಬಿಡಲಿಲ್ಲ.

"ನಿನ್ನೆ ನೀನು ಮಾಡಿದ್ದನ್ನ ನಾನು ಯಾರಿಗೂ ಹೇಳಲ್ಲ" ಎಂದ. "ನೀನೇ ಹೋಗಿ ಅವಳಿಗೆ ಹೇಳು. ಹೇಳಿ ಬಂದ್ರೆ ಕಣಕ್ಕೆ ಹತ್ತು. ಇಲ್ಲ ಅಂದ್ರೆ ಚೀಲ ತಗೊಂಡು ನಿಮ್ಮೂರಿಗೆ ಹೋಗು."

ಬ್ರಿಟಾಳ ಬಾಡಿಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಒಂದು ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಅವಳು ಇನ್ನೊಂದು ಕೈಯಲ್ಲಿ ಸೂಪಿನ ಡಬ್ಬಿ ತೆಗೆಯಲು ಒದ್ದಾಡುತ್ತಿದ್ದಳು. ಡೀನಾ ಡಬ್ಬಿ ತಗೊಂಡು ತೆಗೆದಳು, ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಬೆನ್ನು ತಿರುಗಿಸಿಕೊಂಡೇ, ತಾನು ಬೇಕೆಂತಲೇ ಜಿಗಿಯಲಿಲ್ಲ ಎಂದು ಹೇಳಿದಳು.

"ಗೊತ್ತು" ಎಂದಳು ಬ್ರಿಟಾ. ಮಾತಿನಲ್ಲಿ ಮೊದಲಿನ ಮರ್ಯಾದೆ ಇರಲಿಲ್ಲ. "ಹನ್ನೆರಡು ವರ್ಷದಿಂದ ಕರು ಎತ್ತಿದೀನಿ ಕಣೆ. ಏಳೋಕೆ ಆಗದೇ ಇರೋ ಕರು ಯಾವ್ದು, ಏಳೋಕೆ ಮನಸ್ಸಿಲ್ಲದ ಕರು ಯಾವ್ದು ಅಂತ ನಂಗೆ ತಿಳಿಯಲ್ವಾ?"

"ಮತ್ತೆ ಹೋಬ್‌ಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕಳಿಸಿಬಿಡ್ತಿದ್ರು. ಆಮೇಲೆ ನಂಗೆ ಕಲಿಸೋರು ಯಾರು, ಆ ಹುಡುಗರಾ?" ಸೂಪು ಉಕ್ಕಿತು, ಡೀನಾ ಉರಿ ತಗ್ಗಿಸಿದಳು. "ನಾನೇನು ಕ್ಷಮಿಸಿದೀನಿ ಅಂದ್ಕೋಬೇಡ. ಮುಂದೆ ಯಾವತ್ತಾದ್ರೂ ಕ್ಷಮಿಸ್ತೀನೋ ಏನೋ. ಇವತ್ತಂತೂ ಇಲ್ಲ."

ಆರು ವಾರ ಡೀನಾ ಅವಳನ್ನು ತನ್ನ ಕಾರಿನಲ್ಲಿ ವೈದ್ಯರ ಹತ್ತಿರ ಕರೆದೊಯ್ದಳು. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಜೋಳಿಗೆ ಬಿಚ್ಚಿದ ಮೇಲೆ ಬ್ರಿಟಾ ಮೊದಲು ಕೇಳಿದ್ದು ಹೆಗಲಿಗೆತ್ತುವ ಪಟ್ಟನ್ನೇ. ದಿನಕ್ಕೆ ಮೂವತ್ತು ಸಲ ಎತ್ತಿದಳು, ಡೀನಾ ಮೂವತ್ತು ಸಲವೂ ಜಿಗಿದಳು. ಡಿಸೆಂಬರ್‌ನಲ್ಲಿ ಬ್ರಿಟಾಳನ್ನು ಮೇಲಕ್ಕೆ, ಟೀವಿಯ ಕುಸ್ತಿಗೆ, ಕರೆಸಿಕೊಂಡರು. ಬೀಳ್ಕೊಡುಗೆಯ ದಿನ ಡೀನಾ ಎರಡು ತುಂಡು ಕೇಕ್ ತಿಂದು, ಸಿಂಕಿನ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತಳು. ಗೆಳತಿ ಹೋದಳೆಂದೋ ತಾನು ಉಳಿದೆನೆಂದೋ ಯಾರಾದರೂ ಕೇಳಿದ್ದರೆ, ಎರಡನೆಯದೇ ಹೆಚ್ಚು ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು.

ಫೆಬ್ರವರಿಯಲ್ಲಿ ಬ್ರಿಟಾಳ ಫೋನು ಬಂತು. ಸೋಮವಾರ ಸಿನ್ಸಿನಾಟಿಯಲ್ಲಿ ತನಗೆ ಎದುರಾಳಿ ಬೇಕಾಗಿದೆ, ಡೀನಾಳ ಹೆಸರು ಹೇಳಿದ್ದೇನೆ ಎಂದಳು. ಮೂರು ನಿಮಿಷ, ಸೋಲಬೇಕು. ಡೀನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಿತ್ತು. ಉಗುಳಲೂ ಆಗದು, ನುಂಗಲೂ ಆಗದು. ಇಷ್ಟು ವರ್ಷ ಕಾದದ್ದು ಅವಳ ಕೈಯಿಂದಲೇ ಬರಬೇಕಿತ್ತೇ?

"ಇದ್ದೀಯಾ?" ಎಂದಳು ಬ್ರಿಟಾ. "ನಿನ್ನ ಮೇಲೆ ಕನಿಕರಪಟ್ಟು ಕರೀತಿಲ್ಲ. ಇಲ್ಲಿ ಯಾರಿಗೂ ನೆಟ್ಟಗೆ ಬೀಳೋಕೆ ಬರಲ್ಲ. ನಂಗೆ ಭಯ ಆಗುತ್ತೆ."

"ಎಷ್ಟು ಗಂಟೆಗೆ ಬರ್ಬೇಕು?" ಎಂದಳು ಡೀನಾ.

ಹದಿಮೂರು ಸಾವಿರ ಜನರೆದುರು ಅವಳು ಮೂರು ನಿಮಿಷ ಕುಸ್ತಿ ಆಡಿ ಸೋತಳು. ಪರದೆಯ ಮೇಲೆ ಅವಳ ಹೆಸರು ಡಯಾನಾ ಕಾಡ್‌ವೆಲ್ ಎಂದು ಬಂತು. ತಾಯಿ ಫೋನು ಮಾಡಿ, ಟೀವಿಯಲ್ಲಿ ಯಾರೋ ಡಯಾನಾ ಅಂತೆ, ಥೇಟ್ ನಿನ್ನ ಹಾಗೇ ಇದ್ಲು, ಪಾಪ ಚೆನ್ನಾಗಿ ಏಟು ತಿಂದ್ಲು ಎಂದು ಅಣಕಿಸಿದಳು. ಮುಂದಿನ ವಾರ ಕಂಪನಿಯವರೇ ಕರೆದರು, ಅದರ ಮುಂದಿನ ವಾರವೂ ಕರೆದರು. ಏಪ್ರಿಲ್ ಹೊತ್ತಿಗೆ ಹೆಸರು ಸರಿಯಾಗಿ ಬರತೊಡಗಿತು. ಡೀನಾ ಮೇಲಿನವಳಾದಳು, ದೊಡ್ಡವರಿಗೆಲ್ಲ ಚೆಂದವಾಗಿ ಸೋತುಕೊಡುವವಳು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಗರಡಿಗೆ ಒಮ್ಮೆ ಹೋದಾಗ ಹೋಬ್ ಅದನ್ನೇ ಕೇಳಿದ. "ಇದೆ ಹೋಬ್, ನಿಮ್ಮ ಹತ್ರ ಯಾಕೆ ಸುಳ್ಳು ಹೇಳಲಿ" ಎಂದಳು ಡೀನಾ. "ಆದ್ರೆ ಅವಳನ್ನ ಬೇರೆ ಯಾರಾದ್ರೂ ಮೂಟೆ ಆಗಿ ಸತಾಯಿಸಿದ್ರೆ ನಾನು ಅವರ ಕಾಲು ಮುರೀತೀನಿ."

ಆ ಬೇಸಿಗೆಯೆಲ್ಲ ಇಬ್ಬರೂ ಒಂದೇ ಬಾಡಿಗೆ ಕಾರಿನಲ್ಲಿ ಊರೂರು ತಿರುಗಿದರು. ಬೆಳಗಿನ ಪಾಳಿಯಲ್ಲಿ ಓಡಿಸುತ್ತಿದ್ದವಳು ಡೀನಾ. ಒಹಾಯೋದ ಜೋಳದ ಹೊಲಗಳ ನಡುವೆ ಬಿಸಿಲು ನೇರ ಮುಖಕ್ಕೆ ಬೀಳುವಾಗ ಅವಳು ಪಕ್ಕಕ್ಕೆ ನೋಡುತ್ತಿದ್ದಳು. ಬ್ರಿಟಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿರುತ್ತಿದ್ದಳು. ಹಾಗಿದ್ದರೂ ಚೆಂದವಾಗಿಯೇ ಕಾಣುತ್ತಿದ್ದಳು. ಹಾಳಾದವಳು ಎಂದುಕೊಂಡು ಡೀನಾ ಅವಳ ಮುಖಕ್ಕೆ ಬಿಸಿಲು ಬೀಳದಂತೆ ಗಾಜಿನ ಮೇಲಿನ ಪಟ್ಟಿಯನ್ನು ಕೆಳಗೆ ಎಳೆದು ಕಾರು ಓಡಿಸುತ್ತಿದ್ದಳು.