ಗೂಟಕ್ಕೆ ಹೊದಿಸಿದ ಕಂಬಳಿ

ಹಿರೇಗುಂಟನೂರಿನ ಜುಂಜಯ್ಯನ ಹೆಗಲ ಮೇಲೆ ಕಂಬಳಿ ಇಲ್ಲದ್ದನ್ನು ಕಂಡವರು ಊರಿನಲ್ಲಿ ಕಡಿಮೆ. ಉರಿಬಿಸಿಲಿನಲ್ಲೂ ಅದು ಅಲ್ಲೇ ಇರುತ್ತಿತ್ತು. ಕುರಿಮಂದೆಯನ್ನು ಬಿಟ್ಟು ಹೋಗಲೇಬೇಕಾದಾಗ ಮಾತ್ರ ಮಂದೆಯ ನಡುವೆ ಗೂಟ ನೆಟ್ಟು, ಕಂಬಳಿಯನ್ನು ಅದಕ್ಕೆ ಹೊದಿಸಿ ಹೋಗುತ್ತಿದ್ದ. ಒಡೆಯನ ಮೈವಾಸನೆ ಇದ್ದರೆ ಕುರಿಗಳು ಚೆದರವು ಎಂಬುದು ಆ ಮನೆತನದ ನಂಬಿಕೆ.

"ಮನ್ಯಾಗೆ ಹೆರಿಗೆ ಆಗ್ಬೇಕು, ಇಲ್ಲಾ ಹೆಣ ಎತ್ತಬೇಕು. ಬ್ಯಾರೇದಕ್ಕೆಲ್ಲ ಕಂಬಳಿ ಗೂಟಕ್ಕೆ ಹಾಕ್ಬಾರ್ದು ಕಣ್ಲೇ" ಎಂದು ಹಿರಿಯ ಮಗ ಮಾರುತೇಶನಿಗೆ ಹೇಳಿಕೊಟ್ಟಿದ್ದ.

ಮಾರುತೇಶನ ಕಬಡ್ಡಿ ಹುಟ್ಟಿದ್ದು ಆ ಮಂದೆಯಲ್ಲೇ. ಉಣ್ಣೆ ಕತ್ತರಿಸುವ ದಿನ ಓಡುವ ಟಗರಿನ ಹಿಂಗಾಲಿಗೆ ಕೈಹಾಕಿ ಕೆಡವುತ್ತಿದ್ದವನಿಗೆ ಎದುರಾಳಿಯ ಕಣಕಾಲು ಹಿಡಿಯುವುದು ಹೊಸ ವಿದ್ಯೆಯಾಗಲಿಲ್ಲ. ಶಾಲೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರಿ, ಕೊನೆಗೆ ಸಂಬಳ ಕೊಟ್ಟು ಆಡಿಸುವ ದೊಡ್ಡ ಲೀಗಿನ ಆಟಗಾರನಾದ. ಟಿವಿಯಲ್ಲಿ ಪಂದ್ಯವಿರುವ ಸಂಜೆ ಜುಂಜಯ್ಯ ಹೋಟೆಲಿನ ಬಾಗಿಲಲ್ಲಿ ನಿಂತು, "ನಮ್ಮುಡುಗ ಯಾವ ಕಡೆ ಅವ್ನೆ?" ಎಂದು ಕೇಳುವನು. "ಒಳಗೆ ಬಾ, ಕುಂತ್ಕ ಜುಂಜಣ್ಣ" ಎಂದರೆ, "ಬ್ಯಾಡಪ್ಪ, ಮಂದೆ ಕಾಯ್ತೈತೆ" ಎಂದು ಹೊರಟುಬಿಡುವನು.

ಒಂದು ಪಂದ್ಯದಲ್ಲಿ ಮಾರುತೇಶನ ಮಂಡಿ ತಿರುಚಿ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯಾದರೂ ಕಾಲು ಮೊದಲಿನಂತಾಗಲಿಲ್ಲ. ತಂಡ ಅವನನ್ನು ಕೈಬಿಟ್ಟಿತು. ಅವನು ಅನ್ನ ನೀರು ಬಿಟ್ಟು, ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಮಲಗಿದ. ಅಲ್ಲಿ ನೆಲ ಒರೆಸುತ್ತಿದ್ದವಳು ಹಿರಿಯೂರಿನ ಸುವಾರ್ತಮ್ಮ.

"ಕಬಡ್ಡಿ ಆಡದೇ ಇರೋರೆಲ್ಲ ಸಾಯ್ಬೇಕೇನಪ್ಪ? ನಾನು ಒಂದಿನಾನೂ ಆಡ್ದೋಳಲ್ಲ, ನೋಡು, ಗುಂಡುಕಲ್ಲಂಗೆ ಇದೀನಿ!"

ಅವನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಅವಳು ದಿನವೂ ಅವನಿಗಾಗಿ ಪ್ರಾರ್ಥಿಸಿದಳು. ಒಂದು ದಿನ ಯೇಸುಸ್ವಾಮಿಯ ಕಥೆಯೊಂದನ್ನು ಹೇಳಿದಳು: ಒಬ್ಬ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದನಂತೆ. ಕಾಲು ಸೋತವನನ್ನೂ ಹುಡುಕಿಕೊಂಡು ಬರುವವನೊಬ್ಬನಿದ್ದಾನೆಯೇ ಎಂದು ಮಾರುತೇಶ ಬಿಕ್ಕಿ ಬಿಕ್ಕಿ ಅತ್ತ.

ಹಿರಿಯೂರಿನ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು ಅಲ್ಲೇ ಉಳಿದ. ಚರ್ಚಿನ ಹಿಂದಿನ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸತೊಡಗಿದ. ಬೀಳಿಸುವುದನ್ನೇ ಬದುಕು ಮಾಡಿಕೊಂಡಿದ್ದವನಿಗೆ ಬಿದ್ದ ಮಗುವನ್ನು ಎತ್ತುವುದರಲ್ಲಿ ಬದುಕು ಕಂಡಿತು.

ಅಪ್ಪನೂ ಕುರುಬನಲ್ಲವೇ, ಕುರಿಯ ಕಥೆ ಅವನಿಗೂ ಹಿಡಿಸುತ್ತದೆ ಎಂದುಕೊಂಡು ಊರಿಗೆ ಬಂದು ಮೊದಲು ಅದನ್ನೇ ಹೇಳಿದ. ಜುಂಜಯ್ಯ ಹೊಟ್ಟೆ ಹಿಡಿದು ನಕ್ಕ.

"ತೊಂಬತ್ತೊಂಬತ್ತನ್ನ ಬಯಲಾಗೆ ಬಿಟ್ನಾ? ತೋಳಕ್ಕೆ ಹಬ್ಬ ಮಾಡ್ದ ಬಿಡು! ಅವ್ನು ಕುರಿ ಕಾಯ್ದೋನಲ್ಲ ಕಣ್ಲೇ."

ದೀಕ್ಷಾಸ್ನಾನದ ಮಾತು ಬಂದಾಗ ಆ ನಗು ಆರಿತು.

"ಹಂಗಾರೆ ಮನೆದ್ಯಾವ್ರು ಬೀರಪ್ಪನ ಗದ್ದಿಗೆಗೆ ಕಂಬಳಿ ಹಾಸೋ ಹಿರೇಮಗ ಯಾರು?"

"ನನ್ನ ಕೈಲಿ ಆಗಾಕಿಲ್ಲಪ್ಪ."

"ಹೋಗು ಮತ್ತೆ. ತಪ್ಪಿಸ್ಕಂಡ ಕುರಿನ ಹುಡುಕ್ಕಂಡು ಬರೋ ಪೈಕಿ ನಾನಲ್ಲ."

ಅಂದಿನಿಂದ ಮಾತು ನಿಂತಿತು. ಅಪ್ಪ ನನ್ನನ್ನು ಮತ್ತೆ ಮಗನೆನ್ನಲಿ ಎಂಬುದೊಂದೇ ಮಾರುತೇಶನ ಪ್ರಾರ್ಥನೆಯಾಯಿತು.

ಶ್ರಾವಣದಲ್ಲಿ ಜುಂಜಯ್ಯ ಮಂದೆಯ ಬಳಿಯೇ ಎದೆ ಹಿಡಿದುಕೊಂಡು ಕುಸಿದ. ಮಾರುತೇಶ ಬಂದಾಗ ಕುಣಿ ತೋಡಿ ಆಗಿತ್ತು. "ಮಣ್ಣು ಹಾಕಪ್ಪ, ಪೂಜೆಗೆ ಕೈ ಹಾಕಬ್ಯಾಡ" ಎಂದರು ಹಿರಿಯರು. ಅವನು ಒಂದು ಹಿಡಿ ಮಣ್ಣು ಹಾಕಿ ದೂರ ಸರಿದು ನಿಂತ. ಎಲ್ಲ ಮುಗಿದ ಮೇಲೆ ತಮ್ಮ ಬೀರೇಶ ಅಪ್ಪನ ಕಂಬಳಿಯನ್ನು ತಂದು ಅವನೆದೆಗೆ ನೂಕಿದ.

"ತಗ, ಹಿರೇಮಗಂದು. ಹಾಸಾಕಾಗ್ದಿದ್ರೆ ಹೊದ್ಕ. ನಿನ್ನ ಚಿಂತೆಲೇ ಅಪ್ಪಂಗೆ ತಲೆ ಕೆಟ್ಟಿತ್ತು. ಸಂಕ್ರಾಂತಿ ಆದ ಭಾನುವಾರ ಹೆರಿಗೆ ಇಲ್ಲ, ಸಾವಿಲ್ಲ, ಇದನ್ನ ಗೂಟಕ್ಕೆ ಹಾಕಿ ಎಲ್ಲಿಗೋ ಹೋಗ್ಬಿಟ್ಟ. ಮರಿ ತೋಳದ ಪಾಲಾದ್ವು. ಎಲ್ಲಿಗ್ಹೋಗಿದ್ದೆ ಅಂದ್ರೆ ತುಟಿ ಬಿಚ್ಚಲಿಲ್ಲ."

ಹಿರಿಯೂರಿಗೆ ಮರಳಿದ ಮಾರುತೇಶನ ಹೆಗಲ ಮೇಲೆ ಕಂಬಳಿ ಇತ್ತು. ಚರ್ಚಿನ ಗೇಟಿನ ಬಳಿ ಮಂಡಕ್ಕಿ ಮಾರುವ ಕಾಳಕ್ಕ ಅವನನ್ನು ಕಂಡು ಬಾಯಮೇಲೆ ಕೈಯಿಟ್ಟಳು.

"ಅಯ್ಯೋ, ಥೇಟ್ ಆ ಯಜಮಾನ್ರೇ ನೋಡು! ಸಂಕ್ರಾಂತಿ ಆದ ಭಾನುವಾರ ಒಬ್ರು ಬಂದಿದ್ರಪ್ಪ, ಇದೇ ಮೂಗು, ಇದೇ ಹುಬ್ಬು. ಕೈಯಾಗೆ ಕೋಲೈತೆ, ಕಂಬಳಿ ಎಲ್ಲಿ ಯಜಮಾನ್ರೇ ಅಂತ ಚೇಷ್ಟೆ ಮಾಡ್ದೆ. ಮಂದೆತಾವ ಬಿಟ್ಟು ಬಂದೀನಿ ಅಂದ್ರು. ಒಳಗೆ ನೀವೆಲ್ಲ ಹಾಡ್ತಿದ್ರಿ, ಅವ್ರು ಕಿಟಕಿತಾವ ನಿಂತು ನೋಡ್ತಾನೇ ಇದ್ರು. ಯಾರ್ನಾರ ಕರೀಲೇನ್ರಿ ಅಂದೆ. 'ಬ್ಯಾಡಮ್ಮ. ಹುಡುಕ್ತಿದ್ದ ಕುರಿ ಸಿಕ್ತು, ಮೇದು ಚೆನ್ನಾಗೈತೆ. ಅಲ್ಲಿ ಮಂದೆ ಕಾಯ್ತೈತೆ' ಅಂದೋರೇ ಬಸ್ಸಿಗೆ ಹೊಂಟ್ರು. ಪ್ಯಾಟೆಯಾಗೆ ಯಾವ ಕುರಿನಪ್ಪ ಇವ್ರದ್ದು ಅಂತ ನಾನು ನಕ್ಕಿದ್ದೆ."

ಮಾರುತೇಶ ಆ ಕಿಟಕಿಯ ಬಳಿಗೆ ಹೋಗಿ ನಿಂತ. ಒಳಗೆ ಅವನು ದಿನವೂ ಕೂರುವ ಬೆಂಚು ನೇರವಾಗಿ ಕಾಣುತ್ತಿತ್ತು. ಆ ಭಾನುವಾರ ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಬಯಲಿನಲ್ಲಿ ಹುಡುಗಿಯರು ಕಾದಿದ್ದರು. ಕಂಬಳಿಯನ್ನು ಕಂಬಕ್ಕೆ ಹೊದಿಸಿ ಅವನು ಗೆರೆ ದಾಟಿದ. "ಕಬಡ್ಡಿ ಕಬಡ್ಡಿ" ಎನ್ನುತ್ತಿದ್ದ ಉಸಿರು ನಡುವೆಯೇ ಕಡಿಯಿತು.

"ಸಾರ್ ಔಟ್! ಸಾರ್ ಔಟ್!" ಎಂದು ಹುಡುಗಿಯರು ಚಪ್ಪಾಳೆ ತಟ್ಟಿದರು. ಅವನು ಮಂಡಿಯೂರಿ ಕುಸಿದು ಕುಳಿತಾಗ, ಒಂದೊಂದಾಗಿ ಆ ಕೈಗಳು ಸುಮ್ಮನಾದವು.