ಅಪ್ಪನ ಹೆಸರಿನ ಪ್ರಬಂಧಗಳು

ನಮ್ಮ ವಂಶದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆದರೆ ಖಗೋಳವಿಜ್ಞಾನದ ಪತ್ರಿಕೆಗಳಲ್ಲಿ ಮೊದಲು ಓಡಾಡಿದ್ದು ನನ್ನ ಹೆಸರಲ್ಲ, ಅಪ್ಪನದು. ಅಪ್ಪ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷಿನ್ ಓಡಿಸುತ್ತಾನೆ.

ಪಿಎಚ್‌ಡಿ ಮಾಡುವಾಗ ಮೊದಲ ಪ್ರಬಂಧ ಕಳಿಸಲು ಕಂಪ್ಯೂಟರ್ ಮುಂದೆ ಕೂತಿದ್ದೆ. ಅದು ಲಾಸ್ಟ್ ನೇಮ್ ಕೇಳಿತು. ನಮ್ಮ ಮನೆಯಲ್ಲಿ ಯಾರಿಗೂ ಅಂಥದ್ದಿಲ್ಲ. ಹೆಸರು, ಜೊತೆಗೆ ಅಪ್ಪನ ಹೆಸರಿನ ಇನಿಷಿಯಲ್, ಮುಗಿಯಿತು. ಬರೀ ಇನಿಷಿಯಲ್ ಹಾಕಿದರೆ ಮುಂದಕ್ಕೆ ಹೋಗಲೊಲ್ಲದು. ಬಿಡಿಸಿ ಅಪ್ಪನ ಹೆಸರನ್ನು ಪೂರ್ತಿ ಬರೆದೆ. ಹೋಯಿತು. ಆ ಲೋಕದಲ್ಲಿ ಎಲ್ಲರನ್ನೂ ಕರೆಯುವುದು ಆ ಕೊನೆಯ ಹೆಸರಿನಿಂದಲೇ ಎಂದು ನನಗೆ ಆಗ ಹೊಳೆಯಲಿಲ್ಲ. ಕೆಲವು ವರ್ಷಗಳ ಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ವಿಜಯನಗರದ ಸೈಬರ್ ಸೆಂಟರಿನವನು ನನ್ನ ಸ್ವಂತ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ತಳ್ಳಿದ. ಅಲ್ಲಿಂದಾಚೆಗಿನ ಪ್ರಬಂಧಗಳನ್ನೆಲ್ಲ ಪಾಸ್‌ಪೋರ್ಟಿಗೆ ಹೊಂದುವ ಹಾಗೆ ಬರೆದೆ.

ನಾನು ನೋಡುವುದು ನಕ್ಷತ್ರಗುಚ್ಛಗಳನ್ನು. ಒಂದೇ ಮೋಡದಲ್ಲಿ ಹುಟ್ಟಿ ಒಟ್ಟಿಗೆ ಸಾಗುವ ನಕ್ಷತ್ರಗಳು ಅವು. ಗುಂಪಿನಲ್ಲಿ ಕಾಣುವವೆಲ್ಲ ಆ ಮನೆಯವಲ್ಲ. ಮದುವೆ ಫೋಟೋದಲ್ಲಿ ದಾರಿಹೋಕರು ಸೇರಿಕೊಂಡ ಹಾಗೆ ಹಿಂದೆಮುಂದೆ ಇರುವವೂ ಸೇರಿರುತ್ತವೆ. ಯಾವ ನಕ್ಷತ್ರ ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂದು ಅಳೆದು ಬೇರ್ಪಡಿಸಬೇಕು. ಮೊದಲ ಪ್ರಬಂಧದಲ್ಲಿ ಒಂದು ಹಳೆಯ ಗುಚ್ಛವನ್ನು ಹೀಗೆ ಸೋಸಿದ್ದೆ. ಆ ಗುಚ್ಛದ ಮೇಲೆ ಕೆಲಸ ಮಾಡುವವರಿಗೆಲ್ಲ ನನ್ನ ಪ್ರಬಂಧ ಬೇಕಾಯಿತು. ಬಳಸಿಕೊಂಡವರು ತಮ್ಮ ಬರಹದಲ್ಲಿ ಮೂಲದ ಹೆಸರು ಹೇಳುತ್ತಾರೆ. ಅದೇ ಸೈಟೇಷನ್, ನಮ್ಮ ವೃತ್ತಿಯಲ್ಲಿ ಮರ್ಯಾದೆಯ ಅಳತೆ. ವಿದೇಶದ ಒಂದು ಸಮ್ಮೇಳನದಲ್ಲಿ ಯಾರೋ ಪ್ರೊಫೆಸರ್ ಪರದೆಯ ಮೇಲೆ ಆ ಪ್ರಬಂಧದ ನಕ್ಷೆ ಹಾಕಿ, ಕಷ್ಟಪಟ್ಟು ಅಪ್ಪನ ಹೆಸರನ್ನು ಉಚ್ಚರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ, ನಗುವೋ ಅಳುವೋ ತಿಳಿಯದೆ.

ತೊಂದರೆ ಬಂದದ್ದು ಬಡ್ತಿಯ ಸಮಯದಲ್ಲಿ. ಬಡ್ತಿ ಸಿಕ್ಕರೆ ನನ್ನದೇ ವಿದ್ಯಾರ್ಥಿಗಳು, ನನ್ನದೇ ತಂಡ. ಇಲ್ಲದಿದ್ದರೆ ಇನ್ನೊಬ್ಬರ ಯೋಜನೆಯ ಬಾಲವಾಗಿ ಇನ್ನಷ್ಟು ವರ್ಷ. ಸೈಟೇಷನ್ ಎಣಿಸುವ ಜಾಲತಾಣದ ಲೆಕ್ಕದಲ್ಲಿ ನಾನು ಇಬ್ಬರಾಗಿದ್ದೆ. ಅಪ್ಪನ ಹೆಸರಿನವಳಿಗೆ ಪ್ರಬಂಧ ಕಡಿಮೆ, ಉಲ್ಲೇಖ ಹೇರಳ. ನನ್ನ ಹೆಸರಿನವಳಿಗೆ ಪ್ರಬಂಧ ಬಹಳ, ಉಲ್ಲೇಖ ಅಷ್ಟಕ್ಕಷ್ಟೇ. ಇಬ್ಬರೂ ಒಬ್ಬಳೇ ಎಂದು ಸಮಿತಿ ಒಪ್ಪಬೇಕಿತ್ತು.

ಭಾನುವಾರ ಮನೆಯಲ್ಲಿ ಇದನ್ನು ಹೇಳಿದೆ. ಅಮ್ಮ ದೋಸೆ ಹುಯ್ಯುತ್ತಾ, "ವೋಟರ್ ಕಾರ್ಡಲ್ಲೇ ಇವರ ಹೆಸ್ರು ನೆಟ್ಟಗಿಲ್ಲ, ಆಕಾಶದಲ್ಲಿ ಮಾತ್ರ ನೆಟ್ಟಗೈತಂತೆ!" ಎಂದಳು.

ಅಪ್ಪ ನಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟ.

"ನನ್ ಹೆಸ್ರಿಂದ ನಿನ್ ಕೆಲ್ಸಕ್ಕೆ ಏಟು ಬೀಳೋದಾದ್ರೆ ಕಿತ್ತಾಕ್ಬಿಡು ಕಣಮ್ಮ. ಓದಿದ್ದು ನೀನು. ನಾನೇನ್ ಬರ್ದಿದೀನಾ?"

"ಪ್ರಿಂಟ್ ಆಗಿರೋದನ್ನ ಕೀಳಕ್ಕಾಗಲ್ಲಪ್ಪ. ಇನ್ಮೇಲೆ ಮತ್ತೆ ನಿನ್ ಹೆಸ್ರೇ ಹಾಕ್ಕೊಳ್ಳೋಣ ಅಂತಿದೀನಿ."

"ಬ್ಯಾಡ ಬ್ಯಾಡ. ನಾಳೆ ನೀನೇನಾದ್ರೂ ತಪ್ಪು ಬರುದ್ರೆ ಪರದೇಶದೋರು ನನ್ನನ್ನ ಬಯ್ತಾರೆ!"

"ಬಯ್ಯಲಿ ಬಿಡೇ," ಎಂದಳು ಅಮ್ಮ ನನ್ನ ಕಡೆ ತಿರುಗಿ. "ನಾನೊಬ್ಬಳೇ ಎಷ್ಟೂಂತ ಬಯ್ಯಲಿ?"

ಆಗ ಅಪ್ಪ ನಕ್ಕ. ಆದರೂ ಕೈ ತೊಳೆದು ಬಂದು, "ನಿಂದೇ ಹಾಕ್ಕೋ, ಗೊತ್ತಾಯ್ತಾ?" ಎಂದು ಮತ್ತೆ ಹೇಳಿದ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಸಂದರ್ಶನದಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ಕನ್ನಡಕ ಮೇಲೆತ್ತಿ ಕೇಳಿದರು. "ಈ ಹೆಸರಿನವರು ಯಾರಮ್ಮ, ನಿಮ್ಮ ಯಜಮಾನ್ರಾ?"

"ನಮ್ಮ ತಂದೆ ಸಾರ್."

"ಓ, ಅವರೂ ಆಸ್ಟ್ರಾನಮರ್ರಾ?"

"ಇಲ್ಲ ಸಾರ್, ಟರ್ನರ್. ಲೇತ್ ಮೇಲೆ ಕೆಲಸ. ಬರೆದಿದ್ದು ನಾನೇ, ಫಾರಂ ತುಂಬೋವಾಗ ನನಗೆ ಲಾಸ್ಟ್ ನೇಮ್ ಇರಲಿಲ್ಲ."

ಹಿರಿಯರು ಕುರ್ಚಿಗೆ ಒರಗಿ, "ನಂದು ಊರ ಹೆಸರು ಹಾಕ್ಬಿಟ್ಟಿದೀನಿ. ಐರೋಪ್ಯರೆಲ್ಲ ನನ್ನನ್ನ ನಮ್ಮೂರಿನ ಹೆಸರಲ್ಲೇ ಕರೀತಾರೆ. ಸರಿ, ಕೆಲಸದ ವಿಚಾರಕ್ಕೆ ಬನ್ನಿ," ಎಂದರು. ಆಮೇಲಿನ ಪ್ರಶ್ನೆಗಳೆಲ್ಲ ನಕ್ಷತ್ರಗಳ ಮೇಲೆ. ಗುಚ್ಛದ ಅಂಚಿನಲ್ಲಿರುವವು ಹೇಗೆ ಕಳಚಿಕೊಳ್ಳುತ್ತವೆ, ನನ್ನ ಅಳತೆಯನ್ನು ಎಷ್ಟು ನಂಬಬಹುದು ಎಂದು ಬೆವರಿಳಿಸಿದರು. ಅವರ ಋಣ ನನ್ನ ಮೇಲಿದೆ. ಕರುಣೆ ತೋರಿಸಲಿಲ್ಲ, ಕೆಲಸ ನೋಡಿದರು.

ಆದೇಶ ಬಂದ ದಿನ ಆಫೀಸಿನ ಮೆಟ್ಟಿಲ ಮೇಲೆಯೇ ನಿಂತು ಫೋನು ಮಾಡಿದೆ. ಅಪ್ಪ ಶೆಡ್ಡಿನಲ್ಲಿದ್ದ. ಹಿಂದೆ ಲೇತ್ ಕಿರುಚುತ್ತಿತ್ತು.

"ಆಯ್ತಪ್ಪ! ಎರಡೂ ಸೇರಿಸಿ ಲೆಕ್ಕಕ್ಕೆ ತಗೊಂಡ್ರು. ಬಡ್ತಿ ಆಯ್ತು."

"ಆಯ್ತಾ? ಒಳ್ಳೇದಾಯ್ತು, ಒಳ್ಳೇದಾಯ್ತು. ಇನ್ಮೇಲೆ ನಿನ್ ಹೆಸ್ರೇ ತಾನೆ?"

"ಹೂಂ, ನೀನು ಹೇಳ್ದಂಗೇ."

"ಹಂಗಾದ್ರೆ..." ಎಂದು ತಡೆದ. ಆಮೇಲೆ ಅಷ್ಟು ಸದ್ದಿನ ನಡುವೆ ಸಣ್ಣ ದನಿಯಲ್ಲಿ ಕೇಳಿದ, "ಹಳೇವು ಏನಾಗ್ತವೆ?"

"ಹಳೇವೆಲ್ಲ ನಿನ್ ಹೆಸ್ರಲ್ಲೇ ಇರ್ತವೆ ಅಪ್ಪ. ಈ ತಿಂಗಳೂ ಯಾರೋ ಆ ಪ್ರಬಂಧ ಬಳಸಿ ನಿನ್ ಹೆಸ್ರು ಬರ್ದಿದಾರೆ."

"ಏನಂದೆ? ಕೇಳಿಸ್ತಿಲ್ಲ. ಇರು, ಮಿಷಿನ್ ಆಫ್ ಮಾಡ್ತೀನಿ." ಸದ್ದು ಇಳಿದು ಇಳಿದು ನಿಂತಿತು. "ಹಾಂ. ಈಗ ಇನ್ನೊಂದ್ಸಲ ಹೇಳು."